ಹಳ್ಳದ ನೀರು ತಿಳಿಯಾದ ಮೇಲೆ: ವಿಷದ ಲೆಕ್ಕವನ್ನು ಗಂಟೆ ಗಂಟೆಗೆ ಹಾಕುವ ಬಗೆ

ಜೂನ್ ಮೊದಲ ವಾರ ನಮ್ಮ ಕಡೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಮೇಲೆ ತೋಟದಲ್ಲಿ ಅಡಿಕೆ ಗೊನೆಗೆ ಔಷಧಿ ಹೊಡೆಯುತ್ತಾರೆ. ಕೆಳಗೆ ಹಳ್ಳದಲ್ಲಿ ಹತ್ತುಮೀನು ಏರುತ್ತದೆ. ಮೊದಲ ಮಳೆಯ ಕೆಂಪು ನೀರು ಬಂದದ್ದೇ ತಡ, ಮೀನುಗಳು ಮೊಟ್ಟೆ ಇಡಲು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತವೆ. ಔಷಧಿಯಲ್ಲಿ ಇರುವುದು ತಾಮ್ರ. ತೋಟದ ಕಾದಿಗೆಯ, ಅಂದರೆ ಬಸಿಗಾಲುವೆಯ, ನೀರು ಇಳಿಯುವುದು ಅದೇ ಹಳ್ಳಕ್ಕೆ.

ನನ್ನ ಮನೆ ಸಾಗರ ತಾಲ್ಲೂಕಿನಲ್ಲಿ, ತೋಟದ ಅಂಚಿನಲ್ಲೇ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಒಂದು ವರ್ಷ ನಮ್ಮ ತೋಟಕ್ಕೆ ಔಷಧಿ ಹೊಡೆದ ದಿನ ಸಂಜೆಯೇ ಜೋರು ಮಳೆ ಬಂತು. ಡ್ರಮ್ಮು ತೊಳೆದ ನೀರೂ ಮಳೆ ನೀರೂ ಸೇರಿ ಕಾದಿಗೆಯಲ್ಲಿ ತಿಳಿ ನೀಲಿಯಾಗಿ ಹರಿದದ್ದನ್ನು ನಾನೇ ನೋಡಿದೆ. ಮರುದಿನ ಬೆಳಿಗ್ಗೆ ನೀಲಿ ಹೋಗಿತ್ತು. ಮಧ್ಯಾಹ್ನ ಅತ್ತೆ ಬಟ್ಟೆ ಒಗೆಯಲು ಹೋದವರು ಕೂಗಿದರು. ಮಡುವಿನ ಅಂಚಿನ ಮರಳಿನ ಮೇಲೆ ಸಣ್ಣ ಸೀಗಡಿಗಳು ಬೆಳ್ಳಗೆ ಬಿದ್ದಿದ್ದವು. "ನೀರು ತಿಳಿಯಾಗಿದೆಯಲ್ಲ, ಈಗ ಯಾಕೆ ಸಾಯುತ್ತಿವೆ?" ಅಂತ ಅತ್ತೆ ಕೇಳಿದರು.

ಅವು ತಾಮ್ರದಿಂದಲೇ ಸತ್ತವು ಅಂತ ನಾನು ಹೇಳಲಾರೆ. ನೀರನ್ನು ಬಾಟಲಿಯಲ್ಲಿ ಹಿಡಿದಿಟ್ಟಿರಲಿಲ್ಲ. ಆದರೆ ಅತ್ತೆಯ ಪ್ರಶ್ನೆ ಬಹಳ ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವ ಲೆಕ್ಕವನ್ನು ನಾನು ಈಗ ಪ್ರತಿ ವರ್ಷ ಕೊನೆಯ ವರ್ಷದ ಮಕ್ಕಳಿಗೆ ಕಲಿಸುತ್ತೇನೆ. ಒಂದು ಕಂಪ್ಯೂಟರು, ಎಕ್ಸೆಲ್ ಥರದ ಒಂದು ಹಾಳೆ, ಕೂಡಿಸಿ ಕಳೆಯುವ ಲೆಕ್ಕ ಇಷ್ಟಿದ್ದರೆ ಸಾಕು. ಒಂದು ಸಂಜೆಯ ಕೆಲಸ. ನೀವೂ ಕೂತು ಮಾಡಿ ನೋಡಿ.

ಎಲ್‌ಸಿ50 ಎಲ್ಲಿ ಕೈ ಕೊಡುತ್ತದೆ

ವಿಷದ ಬಗ್ಗೆ ಓದಿದವರಿಗೆಲ್ಲ ಗೊತ್ತಿರುವ ಸಂಖ್ಯೆ ಎಲ್‌ಸಿ50. ನೂರರಲ್ಲಿ ಐವತ್ತು ಪ್ರಾಣಿ ಸಾಯುವಷ್ಟು ಸಾಂದ್ರತೆ. ಇದರ ಅಣ್ಣನಾದ ಎಲ್‌ಡಿ50ಯನ್ನು 1927ರಲ್ಲಿ ಟ್ರೆವನ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಮುಂದಿಟ್ಟರು. ಅದು ಅರ್ಧ ಪ್ರಾಣಿಗಳು ಸಾಯಲು ಮೈಗೆ ಕೊಡಬೇಕಾದ ಪ್ರಮಾಣ. ಔಷಧಿಗಳ ಬಲವನ್ನು ಹೋಲಿಸಿ ನೋಡುವುದು ಅವರ ಉದ್ದೇಶವಾಗಿತ್ತು. ಆ ಕೆಲಸಕ್ಕೆ ಅದು ಇವತ್ತಿಗೂ ಒಳ್ಳೆಯದೇ.

ಆದರೆ ಅದನ್ನು ಹೇಗೆ ಅಳೆಯುತ್ತಾರೆ ನೋಡಿ. ನೀರುಚಿಗಟಕ್ಕೆ, ಅಂದರೆ ಡಾಫ್ನಿಯಾಕ್ಕೆ, ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 202ನೇ ಪರೀಕ್ಷಾ ವಿಧಾನ ಇದೆ. ಹುಟ್ಟಿ 24 ಗಂಟೆ ಆಗದ ಮರಿಗಳು. ಪ್ರತಿ ಸಾಂದ್ರತೆಗೆ ಕನಿಷ್ಠ 20. ಅದೇ ನೀರಿನಲ್ಲಿ 48 ಗಂಟೆ. ಕೊನೆಗೆ ಎಣಿಕೆ. ಮೀನಿಗಾದರೆ 96 ಗಂಟೆ. ಹಳ್ಳದಲ್ಲಿ ವಿಷ ಹಾಗೆ 48 ಗಂಟೆ ಒಂದೇ ಸಮನೆ ನಿಂತಿರುತ್ತದಾ? ಇಲ್ಲ. ಮಳೆ ಬಂದಾಗ ಬರುತ್ತದೆ, ಆರು ಗಂಟೆ ಇರುತ್ತದೆ, ಹೋಗುತ್ತದೆ. ನಾಳೆ ಮತ್ತೆ ಮಳೆ.

ಆಗ ಜನ ಮಾಡುವ ಸುಲಭದ ಕೆಲಸ ಸರಾಸರಿ ತೆಗೆಯುವುದು. ಲೀಟರಿಗೆ 80 ಮೈಕ್ರೋಗ್ರಾಂ ತಾಮ್ರ ಆರು ಗಂಟೆ ಹರಿಯಿತು, ಉಳಿದ 42 ಗಂಟೆ ಸೊನ್ನೆ. 48 ಗಂಟೆಯ ಸರಾಸರಿ 10. ಅದು ಅಪಾಯದ ಮಟ್ಟಕ್ಕಿಂತ ಕೆಳಗಿದೆ, ಹಾಗಾಗಿ ತೊಂದರೆ ಇಲ್ಲ ಅನ್ನುತ್ತಾರೆ. ಈ ಮಾತು ಎಷ್ಟು ತಪ್ಪಾಗಬಹುದು ಅನ್ನುವುದನ್ನು ಸ್ವಲ್ಪ ಹೊತ್ತಿನಲ್ಲೇ ನಿಮ್ಮ ಹಾಳೆಯಲ್ಲೇ ನೋಡುತ್ತೀರಿ.

ಮೊದಲು ಕತ್ತಿ, ಆಮೇಲೆ ಕಂಪ್ಯೂಟರು

ಲೆಕ್ಕ ಶುರು ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ ವಿಷ ದೇಹದಲ್ಲಿ ಏನು ಮಾಡುತ್ತದೆ? ಇದನ್ನು ಬಿಟ್ಟು ಸೂತ್ರ ಹಿಡಿದರೆ ಅದು ಸುಮ್ನೆ ಗೆರೆ ಎಳೆಯುವ ಆಟ ಆಗುತ್ತದೆ.

ಅಡಿಕೆಗೆ ನಾವು ಹೊಡೆಯುವ ಔಷಧಿ ಬೋರ್ಡೋ ದ್ರಾವಣ. ಶೇಕಡಾ ಒಂದರ ದ್ರಾವಣಕ್ಕೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟು), ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಅಡಿಕೆ ಬೆಳೆಯುವವರಿಗೆ ಇದು ಬಾಯಿಪಾಠ. ಮಳೆಗಾಲ ಹಿಡಿಯುವ ಮುಂಚೆ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಫ್ರಾನ್ಸಿನ ಬೋರ್ಡೋದಲ್ಲಿ ದ್ರಾಕ್ಷಿಯ ರೋಗಕ್ಕೆ ಮಿಲಾರ್ಡೆ 1885ರಲ್ಲಿ ಇದರ ವಿವರ ಪ್ರಕಟಿಸಿದರು. ಮೈಸೂರು ಸಂಸ್ಥಾನದಲ್ಲಿ ಕೊಳೆರೋಗವನ್ನು ಹತ್ತಿರದಿಂದ ಅಭ್ಯಾಸ ಮಾಡಿ ಇದನ್ನು ಅಡಿಕೆ ತೋಟಕ್ಕೆ ತಂದವರು ಲೆಸ್ಲಿ ಕೋಲ್ಮನ್. ಇದಿಲ್ಲದೆ ಮಲೆನಾಡಿನಲ್ಲಿ ಅಡಿಕೆ ಉಳಿಯುವುದು ಕಷ್ಟ. ನಮ್ಮ ಮನೆಯಲ್ಲೂ ಹೊಡೆಯುತ್ತೇವೆ, ಮುಂದೂ ಹೊಡೆಯುತ್ತೇವೆ.

ದ್ರಾವಣ ಹದಕ್ಕೆ ಬಂತಾ ಅಂತ ನೋಡಲು ನಮ್ಮ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಕೆಲಸ ಮಾಡುವವನು, ಏನು ಮಾಡುತ್ತಾನೆ ಗೊತ್ತಾ? ಸೊಂಟದ ಕತ್ತಿಯನ್ನು ತೆಗೆದು, ಅಂಚನ್ನು ಕಲ್ಲಿಗೆ ಉಜ್ಜಿ ಹೊಳಪು ಮಾಡಿ, ಡ್ರಮ್ಮಿನಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿಯುತ್ತಾನೆ. ತೆಗೆದಾಗ ಕಬ್ಬಿಣಕ್ಕೆ ಕೆಂಪು ಹತ್ತಿದ್ದರೆ ಸುಣ್ಣ ಸಾಲದು. ಇನ್ನೊಂದು ಬೊಗಸೆ ಸುಣ್ಣದ ತಿಳಿ ಸುರಿದು ಕಲಕಿ ಮತ್ತೆ ಅದ್ದುತ್ತಾನೆ. ಕತ್ತಿ ಬೆಳ್ಳಗೆ ಬಂದರೆ ಹೊಡೆಯಲು ಶುರು. ಆ ಕೆಂಪು ಬಣ್ಣ ಏನು ಅಂದರೆ, ನೀರಿನಲ್ಲಿ ಬಿಡುಬೀಸಾಗಿ ಓಡಾಡುವ ತಾಮ್ರದ ಅಯಾನು ಕಬ್ಬಿಣದ ಮೇಲೆ ಲೋಹವಾಗಿ ಕೂತದ್ದು. ಸುಣ್ಣ ಸಿಕ್ಕಿದ ತಾಮ್ರ ಕರಗದೆ ಕೆಸರಿನ ಹಾಗೆ ಉಳಿಯುತ್ತದೆ, ಎಲೆಗೂ ಅಷ್ಟಾಗಿ ಸುಡುವುದಿಲ್ಲ.

ಹಳ್ಳದ ಪ್ರಾಣಿಯ ಕಥೆಯೂ ಅದೇ. ನೀರಿನಲ್ಲಿ ಒಟ್ಟು ಎಷ್ಟು ತಾಮ್ರ ಇದೆ ಅನ್ನುವುದಕ್ಕಿಂತ ಬಿಡು ತಾಮ್ರ ಎಷ್ಟು ಅನ್ನುವುದು ಮುಖ್ಯ. ಅದು ಕಿವಿರಿನ ಮೇಲೆ ಹೋಗಿ ಕೂರುತ್ತದೆ. ಸಿಹಿನೀರಿನ ಪ್ರಾಣಿಗಳು ಕಿವಿರಿನ ಮೂಲಕ ನೀರಿನಿಂದ ಉಪ್ಪನ್ನು, ಅಂದರೆ ಸೋಡಿಯಂ ಅನ್ನು, ಸದಾ ಒಳಗೆ ಎಳೆದುಕೊಳ್ಳುತ್ತಿರಬೇಕು. ಇಲ್ಲವಾದರೆ ಮೈಯ ಉಪ್ಪು ನೀರಿಗೆ ಸೋರಿಹೋಗುತ್ತದೆ. ತಾಮ್ರ ಆ ಎಳೆಯುವ ಯಂತ್ರವನ್ನೇ ಕೆಡಿಸುತ್ತದೆ. ಪ್ರಾಣಿ ಆ ಕ್ಷಣಕ್ಕೆ ಸಾಯುವುದಿಲ್ಲ. ಉಪ್ಪು ಸೋರುತ್ತಾ ಸೋರುತ್ತಾ ಒಂದು ಹಂತ ದಾಟಿದ ಮೇಲೆ ಸಾಯುತ್ತದೆ.

ಅತ್ತೆಯ ಪ್ರಶ್ನೆಗೆ ಉತ್ತರದ ತುದಿ ಇಲ್ಲೇ ಸಿಕ್ಕಿತು, ಅಲ್ವಾ? ನೀರಿನ ಗಡಿಯಾರ ಬೇರೆ, ಮೈಯೊಳಗಿನ ಹಾನಿಯ ಗಡಿಯಾರ ಬೇರೆ, ಸಾವಿನ ಗಡಿಯಾರ ಇನ್ನೂ ಬೇರೆ. ಈ ಮೂರನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯುವುದೇ ಇಡೀ ವಿದ್ಯೆ. ಇದಕ್ಕೆ 2011ರಲ್ಲಿ ಯಾಗರ್, ಆಲ್ಬರ್ಟ್, ಪ್ರಾಯ್ಸ್, ಆಶಾವರ್ ಎಂಬ ನಾಲ್ವರು ಸೇರಿ ಒಂದು ಒಟ್ಟು ಚೌಕಟ್ಟು ಕೊಟ್ಟರು. ಅದರ ಹೆಸರು ಗಟ್ಸ್ (ಜನರಲ್ ಯೂನಿಫೈಡ್ ಥ್ರೆಶೋಲ್ಡ್ ಮಾಡೆಲ್ ಆಫ್ ಸರ್ವೈವಲ್). ನಾವು ಕಟ್ಟುವುದು ಅದರ ಅತಿ ಸರಳ ರೂಪ.

ಹಾಳೆ ಕಟ್ಟುವುದು

ಐದು ಕಾಲಂ ಮಾಡಿ. ಗಂಟೆ, ನೀರು, ಹಾನಿ, ಒತ್ತಡ, ಉಳಿವು. ಪ್ರತಿ ಸಾಲು ಒಂದು ಗಂಟೆ. 0ಯಿಂದ 120ರ ತನಕ ಎಳೆಯಿರಿ.

ಹಾಳೆಯ ಮೇಲ್ತುದಿಯಲ್ಲಿ ಮೂರು ಸಂಖ್ಯೆಗಳನ್ನು ಪ್ರತ್ಯೇಕ ಮನೆಗಳಲ್ಲಿ ಬರೆಯಿರಿ. ಸೂತ್ರದ ಒಳಗೆ ತುರುಕಬೇಡಿ, ಆಮೇಲೆ ಬದಲಿಸಲು ಕಷ್ಟ. ಮೊದಲನೆಯದು ವೇಗ, 0.05. ಹಾನಿ ಎಷ್ಟು ಬೇಗ ಏರುತ್ತದೆ, ಎಷ್ಟು ಬೇಗ ಇಳಿಯುತ್ತದೆ ಅನ್ನುವುದು ಇದು. ಎರಡನೆಯದು ಹೊಸ್ತಿಲು, 15. ಹಾನಿ ಇದನ್ನು ದಾಟುವ ತನಕ ಪ್ರಾಣಿ ತಡೆದುಕೊಳ್ಳುತ್ತದೆ. ಮೂರನೆಯದು ಬಿರುಸು, 0.01. ಹೊಸ್ತಿಲು ದಾಟಿದ ಮೇಲೆ ಪ್ರತಿ ಹೆಚ್ಚುವರಿ ಅಂಶಕ್ಕೆ ಸಾವಿನ ಒತ್ತಡ ಗಂಟೆಗೆ ಎಷ್ಟು ಅನ್ನುವುದು. ಈ ಮೂರೂ ಕಲಿಯುವುದಕ್ಕಾಗಿ ನಾನು ಹಿಡಿದ ಸಂಖ್ಯೆಗಳು. ಯಾವ ಪ್ರಾಣಿಯದ್ದೂ ಅಲ್ಲ. ಇವನ್ನು ಎತ್ತಿಕೊಂಡು ಹೋಗಿ ನಿಮ್ಮ ಹಳ್ಳದ ಬಗ್ಗೆ ತೀರ್ಪು ಕೊಡಬೇಡಿ.

ಈಗ ನೀರಿನ ಕಾಲಂ. ಮೊದಲ ಆರು ಗಂಟೆಗೆ, ಅಂದರೆ 1ರಿಂದ 6ರ ಸಾಲುಗಳಿಗೆ, 80, ಆಮೇಲೆ ಎಲ್ಲಾ ಸೊನ್ನೆ.

ಹಾನಿಯ ಸೂತ್ರ ಹೀಗೆ: ಹೊಸ ಹಾನಿ = ಹಳೇ ಹಾನಿ + ವೇಗ × (ನೀರು − ಹಳೇ ಹಾನಿ). ನೀರಿನಲ್ಲಿ ವಿಷ ಹಾನಿಗಿಂತ ಜಾಸ್ತಿ ಇದ್ದರೆ ಹಾನಿ ಏರುತ್ತದೆ. ಕಡಿಮೆ ಇದ್ದರೆ ದೇಹ ರಿಪೇರಿ ಮಾಡಿಕೊಳ್ಳುತ್ತದೆ, ಹಾನಿ ಇಳಿಯುತ್ತದೆ. ನಾವು ಮೈಯೊಳಗಿನ ತಾಮ್ರವನ್ನು ಅಳೆದಿಲ್ಲ. ಹಾಗಾಗಿ ಹಾನಿಯನ್ನು ನೀರಿನ ಸಾಂದ್ರತೆಯ ಅಳತೆಗೋಲಿನಲ್ಲೇ ಹೇಳುತ್ತಿದ್ದೇವೆ. ನೀರು ಒಂದೇ ಸಮನೆ 10 ಇದ್ದರೆ ಹಾನಿ ನಿಧಾನಕ್ಕೆ ಹೋಗಿ 10ಕ್ಕೇ ನಿಲ್ಲುತ್ತದೆ, ಅದಕ್ಕಿಂತ ಮೇಲೆ ಹೋಗದು.

ಮೊದಲ ಸಾಲುಗಳನ್ನು ಕೈಯಲ್ಲಿ ಮಾಡಿ ನೋಡಿ. ನನ್ನ ತರಗತಿಯಲ್ಲಿ ಇದನ್ನು ಬಿಡಲು ಯಾರಿಗೂ ಅವಕಾಶ ಇಲ್ಲ. ಮೊದಲು ಹಾನಿ 0. ಒಂದು ಗಂಟೆಗೆ 4. ಎರಡಕ್ಕೆ 7.8. ಮೂರಕ್ಕೆ 11.41. ನಾಲ್ಕಕ್ಕೆ 14.84. ಐದಕ್ಕೆ 18.10, ಈಗ ಹೊಸ್ತಿಲು ದಾಟಿತು. ಆರಕ್ಕೆ 21.19. ಇಲ್ಲಿಗೆ ನೀರು ತಿಳಿಯಾಯಿತು. ಏಳಕ್ಕೆ 20.13, ಎಂಟಕ್ಕೆ 19.13, ಹೀಗೆ ಇಳಿಯುತ್ತಾ ಹನ್ನೆರಡಕ್ಕೆ 15.58, ಹದಿಮೂರಕ್ಕೆ 14.80. ನಿಮ್ಮ ಹಾಳೆಯಲ್ಲಿ ಇದೇ ಬಂದರೆ ಸೂತ್ರ ಸರಿ ಇದೆ.

ಒತ್ತಡದ ಕಾಲಂ: ಹಾನಿ 15ಕ್ಕಿಂತ ಜಾಸ್ತಿ ಇದ್ದರೆ ಹೆಚ್ಚಿರುವಷ್ಟನ್ನು 0.01ರಿಂದ ಗುಣಿಸಿ, ಇಲ್ಲದಿದ್ದರೆ ಸೊನ್ನೆ. ಐದನೇ ಗಂಟೆಗೆ 0.031, ಆರನೆಯದಕ್ಕೆ 0.062. ಉಳಿವಿನ ಕಾಲಂಗೆ ಅಲ್ಲಿ ತನಕದ ಒತ್ತಡವನ್ನೆಲ್ಲ ಕೂಡಿಸಿ, ಅದರ ಮುಂದೆ ಕಳೆಯುವ ಚಿಹ್ನೆ ಹಾಕಿ, ಎಕ್ಸ್‌ಪೊನೆನ್ಶಿಯಲ್ (ಹಾಳೆಯಲ್ಲಿ EXP ಸೂತ್ರ) ತೆಗೆಯಿರಿ. ಒಟ್ಟು ಒತ್ತಡ 0.26 ಬರುತ್ತದೆ. ಉಳಿವು 0.77. ನೂರು ಸೀಗಡಿಯಲ್ಲಿ 77 ಬದುಕುತ್ತವೆ, 23 ಸಾಯುತ್ತವೆ.

ಈಗ ಒತ್ತಡದ ಕಾಲಂ ಅನ್ನೇ ದಿಟ್ಟಿಸಿ ನೋಡಿ. ಆರು ಗಂಟೆಯ ತನಕ ಕೂಡಿದ ಒತ್ತಡ ಸುಮಾರು 0.09. ಉಳಿದ 0.17 ಬಂದದ್ದು ಏಳರಿಂದ ಹನ್ನೆರಡನೇ ಗಂಟೆಯಲ್ಲಿ, ಅಂದರೆ ನೀರಿನಲ್ಲಿ ತಾಮ್ರವೇ ಇಲ್ಲದ ಹೊತ್ತಿನಲ್ಲಿ. ಸಾವಿನ ಮೂರರಲ್ಲಿ ಎರಡು ಪಾಲು ನೀರು ತಿಳಿಯಾದ ಮೇಲೆ. ಮೊದಲ ಸಲ ಈ ಕಾಲಂ ನೋಡಿದಾಗ ನಾನು ಅತ್ತೆಯನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. ಅವರು ಬೆರಳಿಟ್ಟು ಸಾಲು ಸಾಲಾಗಿ ಓದಿದರು.

ಇನ್ನು ಆ ಸರಾಸರಿಯ ಮಾತು. ನೀರಿನ ಕಾಲಂನಲ್ಲಿ 48 ಗಂಟೆಗೂ 10 ತುಂಬಿ. ಒಟ್ಟು ವಿಷ ಅಷ್ಟೇ. ಹಾನಿ 10ನ್ನು ದಾಟುವುದೇ ಇಲ್ಲ, ಹೊಸ್ತಿಲು 15. ಒಂದು ಸೀಗಡಿಯೂ ಸಾಯುವುದಿಲ್ಲ. ಸರಾಸರಿ ಒಂದೇ, ಒಂದು ಕಡೆ 23 ಸಾವು, ಇನ್ನೊಂದು ಕಡೆ ಸೊನ್ನೆ.

ಎರಡನೇ ಮಳೆ

ಹಳ್ಳಕ್ಕೆ ಮಳೆ ಒಂದೇ ಸಲ ಬರುವುದಿಲ್ಲ. ಆದ್ದರಿಂದ 24ನೇ ಗಂಟೆಗೆ ಇನ್ನೊಂದು ಸಲ ಆರು ಗಂಟೆ, ಅಂದರೆ 25ರಿಂದ 30ರ ಸಾಲುಗಳಿಗೆ, 80 ಹಾಕಿ. ಎರಡೂ ಮಳೆ ಒಂದೇ ಥರದ್ದು. ಫಲ ಒಂದೇ ಆಗುತ್ತದಾ? ಮೊದಲ ಮಳೆಯ ಹಾನಿಯಲ್ಲಿ 8.4 ಇನ್ನೂ ಮೈಯಲ್ಲಿ ಉಳಿದಿರುತ್ತದೆ. ಎರಡನೇ ಮಳೆ ಅದರ ಮೇಲೆ ಏರಿ 27.4 ಮುಟ್ಟುತ್ತದೆ. ಕೊನೆಗೆ ನೂರರಲ್ಲಿ ಉಳಿಯುವುದು 31 ಮಾತ್ರ.

ಅದೇ ಎರಡನೇ ಮಳೆಯನ್ನು 72ನೇ ಗಂಟೆಗೆ ತಳ್ಳಿ. ಅಷ್ಟು ಹೊತ್ತಿಗೆ ಹಾನಿ ಬಹುತೇಕ ತೊಳೆದುಹೋಗಿರುತ್ತದೆ, 0.7 ಅಷ್ಟೇ ಬಾಕಿ. ಕೊನೆಗೆ 57 ಉಳಿಯುತ್ತವೆ. ಎರಡು ದಿನ ಜಾಸ್ತಿ ಬಿಡುವು ಸಿಕ್ಕಿದ್ದಕ್ಕೆ 26 ಜೀವ. ನಮ್ಮ ತೋಟದ ಡ್ರಮ್ಮು, ಪೈಪು ತೊಳೆಯುವ ದಿನವನ್ನು ನಾನು ಈಗ ಇದೇ ಲೆಕ್ಕ ಇಟ್ಟುಕೊಂಡು ಗೊತ್ತು ಮಾಡುತ್ತೇನೆ. ತೊಳೆದ ನೀರನ್ನು ಕಾದಿಗೆಗೆ ಬಿಡದೆ ತೋಟದ ಮೇಲಿನ ಗುಂಡಿಗೆ ಬಿಡುತ್ತೇವೆ.

ಇನ್ನೊಂದು ಆಟ ಆಡಿ ನೋಡಿ. ಒಂದೇ ಮಳೆಯ ಹಾಳೆಗೆ ವಾಪಸ್ ಬಂದು 80ನ್ನು 1.2 ಪಟ್ಟು ಮಾಡಿ, 96. ಸಾವೂ 1.2 ಪಟ್ಟು ಆಗಬೇಕು ಅನ್ನಿಸುತ್ತದೆ. ಆದರೆ ಉಳಿವು 77ರಿಂದ 53ಕ್ಕೆ ಇಳಿಯುತ್ತದೆ. ಸಾವು ಎರಡರಷ್ಟಾಯಿತು. ಹೊಸ್ತಿಲ ಹತ್ತಿರ ನಿಂತವರಿಗೆ ಸಣ್ಣ ತಳ್ಳೂ ದೊಡ್ಡದು. ಅರ್ಧ ಪ್ರಾಣಿ ಸಾಯಬೇಕಾದರೆ ಇಡೀ ನೀರಿನ ಕಾಲಂ ಅನ್ನು ಎಷ್ಟು ಪಟ್ಟು ಮಾಡಬೇಕು ಅಂತ ಹುಡುಕುವುದು ಈ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಅಳತೆ. ಆ ಪಟ್ಟು ನೂರಿದ್ದರೆ ನೆಮ್ಮದಿ. ಇಲ್ಲಿನ ಹಾಗೆ ಒಂದೂಕಾಲರ ಒಳಗೇ ಇದ್ದರೆ ಹಳ್ಳ ಅಂಚಿನಲ್ಲಿದೆ ಅಂತ ಅರ್ಥ.

ಯಾರು ಸಾಯುತ್ತಾರೆ ಅನ್ನುವ ಪ್ರಶ್ನೆ

ಇಲ್ಲಿ ಒಂದು ಕವಲು ಇದೆ, ಇದನ್ನು ಅವಸರ ಮಾಡದೆ ಓದಿ. ನಾವು ಕಟ್ಟಿದ ಹಾಳೆಯಲ್ಲಿ ಎಲ್ಲ ಸೀಗಡಿಗಳೂ ಒಂದೇ. ಯಾವುದು ಸಾಯುತ್ತದೆ ಅನ್ನುವುದು ಚೀಟಿ ಎತ್ತಿದ ಹಾಗೆ. ಇದಕ್ಕೆ ಆಕಸ್ಮಿಕ ಸಾವಿನ ರೂಪ ಅನ್ನೋಣ. ಇನ್ನೊಂದು ನೋಟ ಹೀಗೆ: ಪ್ರತಿ ಪ್ರಾಣಿಗೂ ತನ್ನದೇ ಹೊಸ್ತಿಲು ಇದೆ. ಹಾನಿ ತನ್ನ ಹೊಸ್ತಿಲು ಮುಟ್ಟಿದ್ದೇ ಅದು ಸಾಯುತ್ತದೆ. ಮುಟ್ಟದಿದ್ದರೆ ಬದುಕುತ್ತದೆ. ಇದು ತಾಳಿಕೆಯ ರೂಪ.

ಎರಡನೆಯದಕ್ಕೆ ಹಾಳೆಯಲ್ಲಿ ಹೊಸ ಕಾಲಂ ಮಾಡಿ, ಅಲ್ಲಿ ತನಕ ಹಾನಿ ಮುಟ್ಟಿದ ಅತಿ ಎತ್ತರ ಎಷ್ಟು ಅಂತ ಬರೆಯಿರಿ. ನಡುವಿನ ಹೊಸ್ತಿಲು (ಅರ್ಧ ಪ್ರಾಣಿಗಳ ಹೊಸ್ತಿಲು ಇದಕ್ಕಿಂತ ಕೆಳಗೆ) 25, ಹರವಿನ ಘಾತ (ಹೊಸ್ತಿಲುಗಳು ಎಷ್ಟು ಹರಡಿವೆ ಅನ್ನುವುದು) 4 ಅಂತ ಹಿಡಿಯಿರಿ. ಉಳಿವು = 1 ÷ (1 + (ಎತ್ತರ ÷ 25)ರ ನಾಲ್ಕನೇ ಘಾತ). ಒಂದೇ ಮಳೆಗೆ 66 ಉಳಿಯುತ್ತವೆ. ಮರುದಿನವೇ ಎರಡನೆಯದು ಬಂದರೆ 41. ಎರಡನೇ ಮಳೆ 72ನೇ ಗಂಟೆಗೆ ಬಂದರೆ 64.

ಕೊನೆಯ ಸಂಖ್ಯೆ ನೋಡಿದಿರಾ? 66ರಿಂದ 64. ಎರಡನೇ ಮಳೆಗೆ ಹೆಚ್ಚು ಕಡಿಮೆ ಯಾರೂ ಸಾಯಲಿಲ್ಲ. ಯಾಕೆಂದರೆ ನಾಜೂಕಿನವು ಮೊದಲ ಮಳೆಗೇ ಹೋದವು, ಉಳಿದವು ಗಟ್ಟಿ. ಆಕಸ್ಮಿಕ ರೂಪದಲ್ಲಿ ಅದೇ ಮಳೆಗೆ 77 ಇದ್ದದ್ದು 57 ಆಯಿತು. ಹೀಗಾಗಿ ಎರಡು ಸಲ ವಿಷ ಕೊಟ್ಟು, ನಡುವೆ ಬಿಡುವು ಬಿಟ್ಟು ಮಾಡಿದ ಪ್ರಯೋಗ ಮಾತ್ರ ಈ ಎರಡು ರೂಪಗಳನ್ನು ಸರಿಯಾಗಿ ಬೇರ್ಪಡಿಸುತ್ತದೆ. ನಿಜವಾದ ಪ್ರಾಣಿ ಎರಡರ ನಡುವೆ ಎಲ್ಲೋ ಇರುತ್ತದೆ ಅನ್ನುವುದು ನನ್ನ ನಂಬಿಕೆ. ಎರಡನ್ನೂ ಹಾಕಿ, ಕೆಟ್ಟ ಉತ್ತರ ಯಾವುದೋ ಅದನ್ನು ಮುಂದಿಟ್ಟುಕೊಳ್ಳುತ್ತೇನೆ.

ನಿಜವಾದ ಸಂಖ್ಯೆ ಎಲ್ಲಿಂದ

ಎಣಿಕೆಯಿಂದ. ಬೇರೆ ದಾರಿ ಇಲ್ಲ. ಡಾಫ್ನಿಯಾವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದವರು ಮರೆಯುವುದಿಲ್ಲ. ಮೈ ಗಾಜಿನ ಹಾಗೆ. ಬೆನ್ನಿನ ಹತ್ತಿರ ಹೃದಯ ಪಟಪಟ ಬಡಿಯುವುದು ಕಾಣುತ್ತದೆ, ಹೊಟ್ಟೆಯಲ್ಲಿ ಹಸಿರು ಪಾಚಿ ಇಳಿಯುವುದು ಕಾಣುತ್ತದೆ, ಬೆನ್ನ ಚೀಲದಲ್ಲಿ ಮರಿಗಳು ಹೊರಳುವುದೂ ಕಾಣುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನ ವಿಷ ಮುಟ್ಟಿಸುವುದೇ ಇಲ್ಲ. ಸುಮ್ನೆ ಒಂದು ಗಂಟೆ ನೋಡಿಸುತ್ತೇನೆ. ಯಾರನ್ನು ಎಣಿಸುತ್ತಿದ್ದೇವೆ ಅಂತ ಗೊತ್ತಿರಬೇಕು.

ಪ್ರಯೋಗ ಮಾಡುವಾಗ ಒಂದು ಮಾತು ನೆನಪಿರಲಿ: 48ನೇ ಗಂಟೆಗೆ ಒಂದೇ ಸಲ ಎಣಿಸಿದರೆ ಈ ಮಾದರಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. 3, 6, 12, 24, 36, 48 ಅಂತ ಎಣಿಸಿ. ರಾತ್ರಿ ಎದ್ದು ಎಣಿಸಬೇಕು, ಬೇಜಾರು ಮಾಡಿಕೊಳ್ಳಬೇಡಿ. ಸಾಂದ್ರತೆ ಐದಾದರೂ ಇರಲಿ, 10, 20, 40, 80, 160 ಥರ ದುಪ್ಪಟ್ಟಾಗುತ್ತಾ ಹೋಗಲಿ. ಅರ್ಧ ಬೀಕರುಗಳ ಪ್ರಾಣಿಗಳನ್ನು ಆರು ಗಂಟೆಗೆ ಶುದ್ಧ ನೀರಿಗೆ ಸಾಗಿಸಿ ಎಣಿಕೆ ಮುಂದುವರಿಸಿ. ಚೇತರಿಕೆಯ ವೇಗ ಗೊತ್ತಾಗುವುದು ಅಲ್ಲೇ. ವಿಷ ಹಾಕದ ಬೀಕರಿನಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಹೋದರೆ ಪ್ರಯೋಗವನ್ನು ಕೈಬಿಡಿ, ಬೇರೆ ಏನೋ ಕೆಟ್ಟಿದೆ. ನೀರು ಹಿಡಿಯುವ ನಲ್ಲಿ ಹಿತ್ತಾಳೆಯದಾ ಅಂತಲೂ ನೋಡಿ. ಹಿತ್ತಾಳೆಯಲ್ಲಿ ತಾಮ್ರ ಇದೆ.

ಡಾಫ್ನಿಯಾ ಪರೀಕ್ಷೆಯಲ್ಲಿ ಎಣಿಸುವುದು ಸಾವನ್ನಲ್ಲ, ಅಲುಗಾಡದಿರುವುದನ್ನು. ಬೀಕರನ್ನು ಮೆಲ್ಲಗೆ ಅಲುಗಿಸಿ 15 ಸೆಕೆಂಡು ಕಾಯುತ್ತಾರೆ, ಈಜದಿದ್ದರೆ ಲೆಕ್ಕಕ್ಕೆ. ಆದರೆ ಅಲುಗಾಡದ ಪ್ರಾಣಿ ಶುದ್ಧ ನೀರಿನಲ್ಲಿ ಮತ್ತೆ ಈಜಬಹುದು. ನಮ್ಮ ಸೂತ್ರದಲ್ಲಿ ಸತ್ತವರು ಎದ್ದು ಬರುವುದಿಲ್ಲ. ಹಾಗಾಗಿ ನಿಜವಾದ ಸಾವನ್ನು ಬೇರೆ ಕಾಲಂನಲ್ಲಿ ಬರೆದಿಡಿ. ಮೀನಿನ ಮೇಲೆ ಪ್ರಯೋಗ ಮಾಡಲೇಬೇಡಿ ಅನ್ನುತ್ತೇನೆ. ಅದಕ್ಕೆ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಬೇಕು, ಕಲಿಯುವುದಕ್ಕಂತೂ ಅದರ ಅಗತ್ಯವೇ ಇಲ್ಲ. ಪ್ರಕಟವಾದ ಎಣಿಕೆಗಳು ಬೇಕಾದಷ್ಟು ಇವೆ.

ಎಣಿಕೆ ಕೈಗೆ ಬಂದ ಮೇಲೆ ಹೊಂದಿಸುವುದು. ಪ್ರತಿ ಅವಧಿಗೆ ಮಾದರಿ ಹೇಳುವ ಸಾವಿನ ಪಾಲನ್ನು ತೆಗೆಯಿರಿ, ಅಂದರೆ ಹಿಂದಿನ ಉಳಿವಿನಿಂದ ಈಗಿನ ಉಳಿವನ್ನು ಕಳೆಯಿರಿ. ಅದರ ಲಾಗರಿದಮ್ ಅನ್ನು ಆ ಅವಧಿಯಲ್ಲಿ ನಿಜವಾಗಿ ಸತ್ತವರ ಸಂಖ್ಯೆಯಿಂದ ಗುಣಿಸಿ. ಕೊನೆಗೂ ಉಳಿದವರ ಸಂಖ್ಯೆಯನ್ನು ಕೊನೆಯ ಉಳಿವಿನ ಲಾಗರಿದಮ್‌ನಿಂದ ಗುಣಿಸಿ. ಎಲ್ಲವನ್ನೂ ಕೂಡಿಸಿ. ಈ ಮೊತ್ತ ಅತಿ ದೊಡ್ಡದಾಗುವ ಹಾಗೆ ವೇಗ, ಹೊಸ್ತಿಲು, ಬಿರುಸು ಮೂರನ್ನೂ ಬದಲಿಸಲು ಹಾಳೆಯಲ್ಲೇ ಇರುವ, ತಕ್ಕ ಸಂಖ್ಯೆ ಹುಡುಕುವ ಸಲಕರಣೆಯಾದ ಸಾಲ್ವರ್‌ಗೆ ಹೇಳಿ. ಸಹಜ ಸಾವಿಗೆ ನಾಲ್ಕನೇ ಸಂಖ್ಯೆಯೊಂದನ್ನು ಒತ್ತಡಕ್ಕೆ ಕೂಡಿಸಲು ಮರೆಯಬೇಡಿ, ಇಲ್ಲದಿದ್ದರೆ ವಿಷವಿಲ್ಲದ ಬೀಕರಿನ ಒಂದೇ ಒಂದು ಸಾವು ಲೆಕ್ಕವನ್ನೆಲ್ಲ ಕೆಡಿಸುತ್ತದೆ.

ಸಾಲ್ವರ್ ಕೊಟ್ಟ ಉತ್ತರವನ್ನು ಕಣ್ಣು ಮುಚ್ಚಿ ನಂಬಬೇಡಿ. ಬೇರೆ ಬೇರೆ ಕಡೆಯಿಂದ ಶುರು ಮಾಡಿ ನಾಲ್ಕು ಸಲ ಓಡಿಸಿ. ಕೆಲವು ಸಲ ವೇಗ ತೀರಾ ಕಡಿಮೆಯಾಗಿ, ಜೊತೆಗೇ ಹೊಸ್ತಿಲೂ ಸೊನ್ನೆಯ ಕಡೆ ಜಾರುತ್ತದೆ. ಎರಡೂ ಕೈ ಕೈ ಹಿಡಿದು ಇಳಿಯುತ್ತವೆ, ಗೆರೆ ಮಾತ್ರ ಎಣಿಕೆಗೆ ಚೆನ್ನಾಗಿಯೇ ಕೂರುತ್ತದೆ. ಅಂದರೆ ಪ್ರಯೋಗ ನಡೆದ ಅವಧಿ ಸಾಲದಾಯಿತು, ಪ್ರಾಣಿಗಳು ಇನ್ನೂ ಸಾಯುತ್ತಲೇ ಇದ್ದವು. ಆಗ ಇನ್ನಷ್ಟು ದಿನ ಎಣಿಸದೆ ಹೊಸ್ತಿಲ ಬಗ್ಗೆ ಮಾತಾಡುವ ಹಾಗಿಲ್ಲ.

ಸಂಖ್ಯೆಗಳ ಅಂಚು ಎಷ್ಟು, ಅಂದರೆ ನಿಜವಾದ ಬೆಲೆ ಎಷ್ಟರಿಂದ ಎಷ್ಟರ ನಡುವೆ ಇರಬಹುದು ಅಂತ ಸರಿಯಾಗಿ ಬೇಕಾದವರಿಗೆ ಓಪನ್‌ಗಟ್ಸ್ ಎಂಬ ಉಚಿತ ತಂತ್ರಾಂಶ ಇದೆ. ಆರ್ (R) ಎಂಬ ಕಂಪ್ಯೂಟರ್ ಭಾಷೆ ಬಲ್ಲವರಿಗೆ ಮೋರ್ಸ್ ಎಂಬ ಪ್ಯಾಕೇಜು ಇದೆ. ಆದರೂ ಮೊದಲು ಹಾಳೆಯಲ್ಲೇ ಮಾಡಿ. ಗುಂಡಿ ಒತ್ತಿ ಬಂದ ಉತ್ತರ ಎಲ್ಲಿಂದ ಬಂತು ಅಂತ ಗೊತ್ತಿಲ್ಲದೆ ಇನ್ನೊಬ್ಬರಿಗೆ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಈ ಮಾದರಿಗಳ ಬಗ್ಗೆ ದೀರ್ಘ ಅಭಿಪ್ರಾಯ ಕೊಟ್ಟು, ಕೀಟನಾಶಕಗಳ ಅಪಾಯ ಅಳೆಯಲು ಗಟ್ಸ್ ಸಿದ್ಧವಾಗಿದೆ ಅಂದಿತು. ಒಂದು ಷರತ್ತು ಹಾಕಿತು. ಹೊಂದಿಸಲು ಬಳಸದ ಬೇರೆ ಪ್ರಯೋಗವೊಂದರಲ್ಲಿ, ನಡುವಿನ ಬಿಡುವು ಬೇರೆ ಬೇರೆ ಇರುವ ಎರಡು ಬಗೆಯ ಬಿಟ್ಟು ಬಿಟ್ಟು ಕೊಟ್ಟ ವಿಷದಲ್ಲಿ, ಮಾದರಿಯ ಮಾತು ನಿಜವಾಗಬೇಕು. ಇದು ಬಹಳ ಒಳ್ಳೆಯ ಷರತ್ತು. ನೀವೂ ಪಾಲಿಸಿ.

ಎಡವುವ ಜಾಗಗಳು

ಗಂಟೆ ಮತ್ತು ದಿನದ ಗೊಂದಲ ನನ್ನ ಮಕ್ಕಳಲ್ಲಿ ಪ್ರತಿ ವರ್ಷ ಬರುತ್ತದೆ. ಗಂಟೆಗೆ 0.05 ಅಂದರೆ ದಿನಕ್ಕೆ 1.2. ಪುಸ್ತಕದಲ್ಲಿ ದಿನದ ಲೆಕ್ಕದಲ್ಲಿ ಇರುವುದನ್ನು ಗಂಟೆಯ ಹಾಳೆಗೆ ಹಾಕಿದರೆ ಎಲ್ಲಾ ಪ್ರಾಣಿಗಳೂ ಮಧ್ಯಾಹ್ನದೊಳಗೆ ಸಾಯುತ್ತವೆ. ಇನ್ನೊಂದು, ನಮ್ಮ ಹಾನಿಯ ಸೂತ್ರ ಹೆಜ್ಜೆ ಹೆಜ್ಜೆಯ ಅಂದಾಜು. ಸರಿಯಾದ ಕಲನದಲ್ಲಿ ಆರನೇ ಗಂಟೆಗೆ 20.7 ಬರಬೇಕು, ನಮಗೆ 21.2 ಬಂತು. ವೇಗ ಕಡಿಮೆ ಇದ್ದಾಗ ಇಷ್ಟು ವ್ಯತ್ಯಾಸ ತೊಂದರೆ ಇಲ್ಲ. ವೇಗ ಜಾಸ್ತಿ ಇದ್ದರೆ ಹೆಜ್ಜೆಯನ್ನು ಹತ್ತು ನಿಮಿಷಕ್ಕೆ ಇಳಿಸಿ.

ತಾಮ್ರದ್ದೇ ಆದ ತೊಡಕು ದೊಡ್ಡದು. ಡಾಫ್ನಿಯಾ ಮ್ಯಾಗ್ನಾ ಪರೀಕ್ಷೆಯ ನೀರು ಸಾಕಷ್ಟು ಗಡಸು, ಉಷ್ಣತೆ 20 ಡಿಗ್ರಿ ಆಸುಪಾಸು. ನಮ್ಮ ಪಶ್ಚಿಮ ಘಟ್ಟದ ಹಳ್ಳಗಳ ನೀರು ಮೆದು, ಸುಣ್ಣದ ಅಂಶ ಬಹಳ ಕಡಿಮೆ. ಕಿವಿರಿನ ಮೇಲೆ ಜಾಗಕ್ಕಾಗಿ ಕ್ಯಾಲ್ಸಿಯಂ ಮತ್ತು ತಾಮ್ರ ಪೈಪೋಟಿ ಮಾಡುತ್ತವೆ. ಕ್ಯಾಲ್ಸಿಯಂ ಕಡಿಮೆ ಇದ್ದರೆ ತಾಮ್ರಕ್ಕೆ ಜಾಗ ಸಲೀಸು. ಅಂದರೆ ಗಡಸು ನೀರಿನಲ್ಲಿ ತೆಗೆದ ಹೊಸ್ತಿಲನ್ನು ಇಲ್ಲಿಗೆ ತಂದರೆ ಹಳ್ಳ ಇರುವುದಕ್ಕಿಂತ ಸುರಕ್ಷಿತವಾಗಿ ಕಾಣುತ್ತದೆ. ಇನ್ನೊಂದು ಕಡೆ, ದರಗು (ಒಣಗಿದ ಎಲೆ) ಕೊಳೆತ ಕಂದು ನೀರು ತಾಮ್ರವನ್ನು ಹಿಡಿದಿಟ್ಟುಕೊಂಡು ಬಿರುಸು ತಗ್ಗಿಸುತ್ತದೆ. ಒಂದು ಲೀಟರ್ ಬೋರ್ಡೋ ದ್ರಾವಣದಲ್ಲಿ ಸುಮಾರು 2.5 ಗ್ರಾಂ ತಾಮ್ರ ಇರುತ್ತದೆ. ಅಷ್ಟೂ ಕರಗಿ ನೀರಿಗೆ ಬಂದರೆ ಅದನ್ನು 80 ಮೈಕ್ರೋಗ್ರಾಂಗೆ ತರಲು 31,000 ಲೀಟರಿಗೂ ಹೆಚ್ಚು ನೀರು ಬೇಕು. ಅಷ್ಟೂ ಕರಗುವುದಿಲ್ಲ, ಆದರೆ ಡ್ರಮ್ಮು ತೊಳೆಯುವ ಮುನ್ನ ಈ ಸಂಖ್ಯೆ ತಲೆಯಲ್ಲಿರಲಿ.

ಸಾವಿನ ಆಚೆಗೂ ಒಂದು ಲೆಕ್ಕ ಇದೆ. ಪ್ರಾಣಿ ಸಾಯದೆಯೂ ಮರಿ ಹಾಕುವುದು ನಿಂತುಹೋಗಬಹುದು. ಇದಕ್ಕೆ ನೆದರ್ಲೆಂಡ್ಸ್‌ನ ಬಾಸ್ ಕೊಯ್ಮನ್ 1979ರಿಂದ ಕಟ್ಟಿದ ಶಕ್ತಿಯ ಆಯವ್ಯಯದ ಸಿದ್ಧಾಂತ ಇದೆ, ಡಿಇಬಿ ಅನ್ನುತ್ತಾರೆ. ಮನೆ ಖರ್ಚಿನ ಹಾಗೆಯೇ. ತಿಂದದ್ದು ಕಣಜಕ್ಕೆ ಹೋಗುತ್ತದೆ. ಕಣಜದಿಂದ ಒಂದು ಪಾಲು ಮೈ ಕಾಯಲು ಮತ್ತು ಬೆಳೆಯಲು, ಉಳಿದದ್ದು ಮರಿಗೆ. ವಿಷ ಬಂದಾಗ ಊಟವೇ ಕಡಿಮೆಯಾಯಿತಾ, ಮೈ ಕಾಯುವ ಖರ್ಚು ಏರಿತಾ, ಬೆಳೆಯುವ ಖರ್ಚು ಏರಿತಾ, ಒಂದೊಂದು ಮರಿಯ ಬೆಲೆ ಏರಿತಾ, ಭ್ರೂಣವೇ ಸಾಯುತ್ತಿದೆಯಾ ಅಂತ ಕೇಳುತ್ತಾರೆ. ಉದ್ದವನ್ನೂ ಮರಿಗಳನ್ನೂ 21 ದಿನ ಜೊತೆಜೊತೆಗೆ ಅಳೆದರೆ ಉತ್ತರದ ಗುರುತು ಸಿಗುತ್ತದೆ. ಬೆಳವಣಿಗೆ ಹಾಗೇ ಇದ್ದು ಮರಿ ಮಾತ್ರ ಕಡಿಮೆಯಾದರೆ ಮರಿಯ ಬೆಲೆ ಏರಿದೆ ಅಥವಾ ಭ್ರೂಣ ಹೋಗುತ್ತಿದೆ. ಹತ್ತುಮೀನಿನ ಹಳ್ಳಕ್ಕೆ ಕೊನೆಗೆ ಬೇಕಾದ ಲೆಕ್ಕ ಇದೇ. ಆದರೆ ಗಟ್ಸ್ ಕೈಗೆ ಹತ್ತಿದ ಮೇಲೆ ಇದಕ್ಕೆ ಬನ್ನಿ.

ಈ ವರ್ಷಕ್ಕೆ ಮಕ್ಕಳ ಜೊತೆ ನಾನು ಮಾಡಿಕೊಂಡ ತಯಾರಿ ಇಷ್ಟು. ತೊಳೆದ ಪ್ಲಾಸ್ಟಿಕ್ ಬಾಟಲಿ 24, ಪ್ರತಿಯೊಂದರ ಮೇಲೂ ಗಂಟೆ ಬರೆದ ಚೀಟಿ. ಕಾದಿಗೆ ಹಳ್ಳ ಸೇರುವ ಕಡೆ ಒಂದು ಗೂಟ. ಮಳೆ ಶುರುವಾದ ಹೊತ್ತಿನಿಂದ ಮೊದಲ ಆರು ಗಂಟೆ ಅರ್ಧ ಗಂಟೆಗೊಂದು ಬಾಟಲಿ, ಆಮೇಲೆ ಎರಡು ಗಂಟೆಗೊಂದು. ಜೊತೆಗೆ ಉಷ್ಣತೆ, ಪಿಎಚ್, ಗಡಸುತನ. ಮಡುವಿನ ಅಂಚಿನಲ್ಲಿ ಒಂದು ಚದರ ಮೀಟರ್ ಮರಳಿನ ಮೇಲೆ ಸೀಗಡಿಗಳ ಎಣಿಕೆ, ನೀರು ತಿಳಿಯಾದ ಮೇಲೂ ಮೂರು ದಿನ. ಎಣಿಸುವ ಜವಾಬ್ದಾರಿ ಅತ್ತೆಯದು.